ಕಂಟ್ರೋಲರ್ ಸಾಹೇಬರ ವಿಮಾನ

ಅಕ್ಕಲಕೋಟದ ಎಸ್.ಟಿ. ಬಸ್ ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷ ಗಾಡಿಗಳ ಟೈಮು ಬರೆದು ಮೈಕಿನಲ್ಲಿ ಕೂಗುವ ಕಂಟ್ರೋಲರ್ ಆಗಿದ್ದ ಶಾಂತಲಿಂಗಪ್ಪನಿಗೆ ನೌಕರಿಯಿಂದ ನಿವೃತ್ತಿ ಸಿಕ್ಕು ಒಂಬತ್ತು ವರ್ಷವಾಗಿತ್ತು. ಆದರೆ ಟೈಮಿಗೆ ಶಾಂತಲಿಂಗಪ್ಪನಿಂದ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ. ಓಣಿಯಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಹೊತ್ತಿಗೆ ಸೀಟಿ ಹೊಡೆಯುತ್ತದೆ, ನಳದ ನೀರು ಎಷ್ಟು ಮಿನಿಟು ತಡವಾಗಿ ಬರುತ್ತದೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣಿಗೆ ಬಂದ ಜನ ಮನೆಯವರನ್ನು ಬಿಟ್ಟು ಅವನನ್ನೇ ಕೇಳುತ್ತಿದ್ದರು: “ಎಷ್ಟಕ್ಕ ಬಿಡ್ತದ್ರಿ ಸಾಹೇಬ?”

ಅವನದೊಂದು ಸಿದ್ಧಾಂತವಿತ್ತು. ಬೋರ್ಡಿನ ಮೇಲೆ ಬರೆದ ಟೈಮು ಬೇರೆ, ಗಾಡಿ ಬರುವ ಟೈಮು ಬೇರೆ. ಬೋರ್ಡು ಓದುವವನು ಪ್ಯಾಸೆಂಜರ್. ಎರಡರ ನಡುವಿನ ಅಂತರ ಓದುವವನು ಕಂಟ್ರೋಲರ್.

ಆಷಾಢದ ನಡುವೆ ಒಂದು ದಿನ ಅವನ ಮನೆಗೆ ಒಂದು ಫೋನು ಬಂತು. ಗಂಡ ಹೆಂಡತಿ ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಫೋನು. ಹೆಂಡತಿ ನೀಲಾಬಾಯಿ ಹಿಟ್ಟಿನ ಕೈಯಲ್ಲೇ ಎತ್ತಿದಳು. ಆ ಕಡೆ ಗೋವಾದಿಂದ ಭಕ್ತಿ, ಶಾಂತಲಿಂಗಪ್ಪನ ತಂಗಿ ದ್ವಾರಕಾಳ ಮಗಳು. ದ್ವಾರಕಾ ಈಗ ಅವಳ ಹತ್ತಿರವೇ ಇದ್ದಳು.

“ಮಾಮಿ, ಪಂಚಮಿಗೆ ಅವ್ವ ಬರ್ತೀನಿ ಅಂದಾಳ.”

ನೀಲಾಬಾಯಿ ಕೆಳಗೆ ಕುಳಿತಳು. ಇಪ್ಪತ್ತೆರಡು ವರ್ಷದಿಂದ ಆ ಮನೆಯ ಹೊಸ್ತಿಲು ತುಳಿಯದವಳು ಬರುತ್ತೇನೆಂದರೆ ನಿಂತು ಕೇಳುವ ಮಾತಲ್ಲ. ಫೋನು ಗಂಡನ ಕೈಗೆ ಹೋಯಿತು.

“ಮಾಮಾ, ಮುಂದಿನ ತಿಂಗಳ ಅವ್ವಂದು ಎದಿ ಆಪರೇಷನ್ ಅದ. ಅದಕ್ಕೂ ಮೊದಲ ತವರಮನಿ ನೋಡ್ಬೇಕಂತ. ವಿಮಾನದ ಟಿಕೇಟ್ ತಗಸೀನಿ. ಪಂಚಮಿ ಹಿಂದಿನ ಶನಿವಾರ, ಮುಂಜಾನಿ ಒಂಬತ್ತು ಹತ್ತಕ್ಕ ಸೊಲ್ಲಾಪುರದಾಗ ಇಳೀತದ. ಆದ್ರ ಅವ್ವಂದು ಒಂದ ಮಾತು.”

“ಏನವ್ವ?”

“‘ಅಣ್ಣ ಖುದ್ದ ಕರಿಯಾಕ ಬಂದಿರಬೇಕು. ಬಾಗಿಲದಾಗ ಅಂವಾ ಕಂಡ್ರ ಅಕ್ಕಲಕೋಟ, ಕಾಣಲಿಲ್ಲಂದ್ರ ಸೀದಾ ಕಲಬುರ್ಗಿ, ಗಂಡನ ಮನಿ’ ಅಂದಾಳ. ನಾ ಹೇಳಿದ್ದಲ್ಲ ಮಾಮಾ, ಆಕಿ ಹೇಳಿದ್ದು.”

ಈ ಷರತ್ತು ಸುಮ್ಮನೆ ಹುಟ್ಟಿದ್ದಲ್ಲ. ನಾಗರ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತಾವಾಗಿ ತವರಿಗೆ ಬರುವುದಿಲ್ಲ. ಅಣ್ಣನೋ ತಮ್ಮನೋ ಹೋಗಿ, ಒಂದು ರಾತ್ರಿ ಅಲ್ಲಿ ಉಂಡು, ಕರೆದುಕೊಂಡು ಬರಬೇಕು. ಶಾಂತಲಿಂಗಪ್ಪನೂ ಪ್ರತಿ ವರ್ಷ ಕಲಬುರ್ಗಿಗೆ ಹೋಗುತ್ತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಶ್ರಾವಣದಲ್ಲಿ ಸ್ಟ್ಯಾಂಡಿನಲ್ಲಿ ಊರಿನ ಮಠಕ್ಕೆ ಬಂದ ಭಕ್ತರ ಗದ್ದಲ, ರಜೆ ಸಿಗಲಿಲ್ಲ. ಅವನ ಕಂಟ್ರೋಲರ್ ಬುದ್ಧಿಗೆ ಒಂದು ಉಪಾಯ ಹೊಳೆಯಿತು. ಕಲಬುರ್ಗಿ ಗಾಡಿಯ ಕಂಡಕ್ಟರ್ ಸೋಮುವಿನ ಕೈಗೆ ಚೀಟಿ ಬರೆದು ಕೊಟ್ಟ: “ಈ ಚೀಟಿ ತಂದವರ ಜೋಡಿ ಬಾ.” ಸೋಮು ಖಾಕಿ ತೊಟ್ಟು, ಟಿಕೇಟಿನ ಪೆಟ್ಟಿಗೆ ಕೊರಳಿಗೆ ಹಾಕಿಕೊಂಡೇ ಬೀಗರ ಬಾಗಿಲಲ್ಲಿ ನಿಂತು ಕೂಗಿದ್ದ: “ಲಗೂನ ಬರ್ರಿ ಅಕ್ಕಾರ, ಗಾಡಿ ಐದ ಮಿನಿಟಿನ್ಯಾಗ ಬಿಡ್ತದ!”

ಒಳಗಿನಿಂದ ದ್ವಾರಕಾಳ ಅತ್ತೆ ಅಂದಿದ್ದಳು: “ಹೋಗವಾ. ನಿಮ್ಮಣ್ಣ ಲಗೇಜ್ ತರಾಕ ಮಂದಿ ಕಳಿಸ್ಯಾನ.”

ದ್ವಾರಕಾ ಹೋಗಲಿಲ್ಲ. ಆಮೇಲೆ ಯಾವ ವರ್ಷ ಅಣ್ಣ ಹೋದರೂ ಬಾಗಿಲಿಗೆ ಬರಲಿಲ್ಲ, ಮೂರು ವರ್ಷದ ಮೇಲೆ ಅಣ್ಣನೂ ಹೋಗುವುದನ್ನು ಬಿಟ್ಟ. ತಾಯಿ ತೀರಿಕೊಂಡಾಗ ಸೀದಾ ಮಣ್ಣಿನ ಜಾಗಕ್ಕೆ ಬಂದು, ಒಂದು ಹಿಡಿ ಮಣ್ಣು ಹಾಕಿ, ಅಲ್ಲಿಂದಲೇ ತಿರುಗಿ ಹೋಗಿದ್ದಳು. ಮನೆ ಅಲ್ಲಿಂದ ಮುನ್ನೂರು ಹೆಜ್ಜೆ.

“ಈ ಸಲ ಒಂದ ಮಿನಿಟೂ ತಪ್ಪೂದಿಲ್ಲ” ಎಂದ ಶಾಂತಲಿಂಗಪ್ಪ.

“ಹಂಗಾರ ಆರಕ್ಕ ಹೋಗಿ ಕುಂತಬಿಡ್ರಿ” ಎಂದಳು ನೀಲಾಬಾಯಿ.

“ಹೋಗಿ ಕುಂದರಾಕ ನಾ ಪ್ಯಾಸೆಂಜರ್ ಏನ? ಟೈಮ್ ನೋಡಿ ಹೋಗ್ತೀನಿ.”

ನೀಲಾಬಾಯಿ ಹೇಳಿದ ಆ ಒಂದು ಸಾಲಿನಲ್ಲಿ ಈ ಕಥೆ ಸುಖವಾಗಿ ಮುಗಿದುಹೋಗುತ್ತಿತ್ತು. ಆದರೆ ತಿಳಿವಳಿಕೆ ಇದ್ದವರಿಗೆ ಸಣ್ಣ ದಾರಿ ಹಿಡಿಸುವುದಿಲ್ಲ.

ಪಕ್ಕದ ಮನೆಯ ಪರಾಗನದು ಮೊಬೈಲ್ ಅಂಗಡಿ. ಅವನು ತನ್ನ ಫೋನು ತೆಗೆದು ತೋರಿಸಿದ. ನಕಾಶೆಯ ಮೇಲೆ ಹಳದಿ ವಿಮಾನಗಳು ಇರುವೆಯಂತೆ ಹರಿದಾಡುತ್ತಿದ್ದವು. “ಕಾಕಾ, ಈ ಆ್ಯಪ್‌ನಾಗ ವಿಮಾನ ಎಲ್ಲಿ ಅದ, ಎಷ್ಟಕ್ಕ ಇಳೀತದ, ಎಲ್ಲಾ ಲೈವ್ ಕಾಣ್ತದ.”

“ಡ್ರೈವರ್ ಇದಕ್ಕ ಹೇಳಿ ಹೊಂಟಿರ್ತಾನೇನು?”

“ಡ್ರೈವರ್ ಅಲ್ರಿ ಕಾಕಾ, ಪೈಲಟ್.”

“ಹೆಸರ ಬದಲಾದ್ರ ಬುದ್ಧಿ ಬದಲಾಗ್ತದೇನೋ? ತಮ್ಮಾ, ಗಾಡೀನ ಕಣ್ಣಲೆ ನೋಡಿ ಬರೀಬೇಕು.”

ಅಟ್ಟದ ಮೇಲಿನ ಹಳೆಯ ರಜಿಸ್ಟರು ಕೆಳಗಿಳಿಯಿತು. ಎಸ್.ಟಿ.ಯಲ್ಲಿ ಬಳಸಿ ಉಳಿದ ಹಾಳೆಗಳ ಮೇಲೆ ಅವನು ಮುತ್ತಿನಂಥ ಅಕ್ಷರದಲ್ಲಿ ಗೆರೆ ಎಳೆದ: ಬರಬೇಕಾದ ಟೈಮು, ಬಂದ ಟೈಮು, ಇಳಿದ ಮಂದಿ, ಷರಾ. ಗೋವಾ ವಿಮಾನ ವಾರಕ್ಕೆ ನಾಲ್ಕು ದಿನ. ಆ ನಾಲ್ಕೂ ದಿನ ಶಾಂತಲಿಂಗಪ್ಪ ಬೆಳಗಿನ ಬಸ್ಸಿಗೆ ಸೊಲ್ಲಾಪುರಕ್ಕೆ ಹೋಗಿ, ಹೋಟಗಿ ರಸ್ತೆಯ ವಿಮಾನ ನಿಲ್ದಾಣದ ಗೇಟಿಗೆ ಎದುರಾಗಿ ಛತ್ರಿ ಹಿಡಿದು ನಿಲ್ಲತೊಡಗಿದ. ಮಳೆಗಾಲ. ವಿಮಾನ ಮೊದಲ ದಿನ ನಲವತ್ತು ಮಿನಿಟು ಲೇಟು, ಎರಡನೆಯ ದಿನ ಮೂವತ್ತೈದು, ಮೂರನೆಯ ದಿನ ಐವತ್ತೈದು. ಲೇಟಾದಷ್ಟೂ ಅವನಿಗೆ ಆನಂದ. ಇದು ಎಸ್.ಟಿ.ಯ ಕುಲವೇ, ರೆಕ್ಕೆ ಬಂದಿದೆ ಅಷ್ಟೇ ಎಂದುಕೊಂಡ.

ನಾಲ್ಕನೆಯ ದಿನ ಒಬ್ಬ ಹವಾಲದಾರ ಬಂದು ಛತ್ರಿ ಎತ್ತಿ ಒಳಗೆ ಇಣುಕಿದ. ಮಂಗಳವೇಢೆಯವನು, ಅರ್ಧ ಮರಾಠಿ ಅರ್ಧ ಕನ್ನಡ.

“ಕಾಯ್ ಚಾಲ್ಲಯ್ ಕಾಕಾ? ಏನ್ ನಡಸೀರಿ, ಏನ್ ಬರ್ಯಾಕತ್ತೀರಿ?”

“ವಿಮಾನದ ಟೈಮು.”

ಹವಾಲದಾರ ರಜಿಸ್ಟರು ಕಸಿದುಕೊಂಡು ಓದಿದ. “ಇಳಿದ ಮಂದಿ ಮೂವತ್ತೊಂದು... ಷರಾ: ಡ್ರೈವರ್ ಇಳಿಯಲಿಲ್ಲ.” ಅವನ ಮೀಸೆ ನಿಮಿರಿತು. “ಯಾರ್ ಕಳಿಸ್ಯಾರ ನಿಮ್ಮನ್ನ?”

“ಯಾರೂ ಇಲ್ಲ. ನನ್ನ ತಂಗಿ ಬರ್ತಾಳ.”

“ಇವತ್ತ?”

“ಇಲ್ಲ, ಇನ್ನ ಎಂಟ ದಿನದ ಮ್ಯಾಲ.”

“ಮತ್ತ ಇವತ್ತ್ಯಾಕ ಬಂದ್ರಿ?”

“ತಾಲೀಮಿಗೆ.”

ಈ ಉತ್ತರ ಯಾವ ಪೊಲೀಸನಿಗೂ ಸಮಾಧಾನ ಕೊಡುವಂಥದ್ದಲ್ಲ. ವಿಮಾನ ನೋಡಲು ಹೋದವನ ಮೇಲೆ ಅನುಮಾನ ಬಂದು, ಆ ಅನುಮಾನ ಅವಮಾನದ ದಾರಿ ಹಿಡಿಯಿತು. ಅಕ್ಕಲಕೋಟಕ್ಕೆ ಫೋನು ಹೋಗಿ, ಅಲ್ಲಿಂದ ಒಬ್ಬ ಪೊಲೀಸ ಓಣಿಗೆ ಬಂದು, ಶಾಂತಲಿಂಗಪ್ಪ ಎಂಥವನೆಂದು ಎದುರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಲೀಲಾಬಾಯಿಯನ್ನು ಕೇಳಿದ.

“ಭಾಳ ಸಾದಾ ಮನಷ್ಯಾ ನೋಡ್ರಿ” ಎಂದಳು ಲೀಲಾಬಾಯಿ. “ಆದ್ರ ಟೈಮ್ ಒಂದ ಕೇಳಬ್ಯಾಡ್ರಿ. ಕೇಳಿದ್ರ ನಿಮ್ಮ ಟೈಮ್ ಹೋಗ್ತದ.”

ಮಧ್ಯಾಹ್ನದೊಳಗೆ ಶಾಂತಲಿಂಗಪ್ಪ ವಿಮಾನ ಕಂಪನಿಗೆ ಕಂಟ್ರೋಲರ್ ಆದನೆಂದು ಓಣಿಯ ಈ ತುದಿಯಲ್ಲೂ, ಅವನನ್ನು ಬೇಡಿ ಹಾಕಿ ಒಯ್ದರೆಂದು ಆ ತುದಿಯಲ್ಲೂ ಸುದ್ದಿಯಾಯಿತು. ನಡುವಿನ ಮನೆಯವರು ಎರಡನ್ನೂ ನಂಬಿದರು.

ಅತ್ತ ಹವಾಲದಾರನ ಮುಂದೆ ಶಾಂತಲಿಂಗಪ್ಪ ಕಂಡಕ್ಟರ್ ಸೋಮುವಿನ ಚೀಟಿಯಿಂದ ಹಿಡಿದು ತಾಯಿಯ ಮಣ್ಣಿನವರೆಗೂ ಎಲ್ಲ ಹೇಳಿ ಮುಗಿಸಿದ. ಹವಾಲದಾರ ರಜಿಸ್ಟರು ತಿರುಗಿ ಕೊಟ್ಟ. “ನನಗೂ ಇಬ್ರು ತಂಗ್ಯಾರ ಅದಾರ ಕಾಕಾ. ಆಕಿ ಬರೂ ದಿನ ಬರ್ರಿ, ನಾನ ಕುರ್ಚಿ ಹಾಕ್ತೀನಿ. ಅಲ್ಲೀ ತನಕ ಈ ವಹಿ ಹಿಡಕೊಂಡು ಗೇಟಿನ ಹತ್ರ ಕಾಣಬ್ಯಾಡ್ರಿ. ನನ್ನ ನೌಕರಿ ಹೋಗ್ತದ.”

ಶಾಂತಲಿಂಗಪ್ಪ ಮಾತು ಕೊಟ್ಟ. ಗೇಟಿನಿಂದ ಇನ್ನೂರು ಹೆಜ್ಜೆ ದೂರ, ರಸ್ತೆ ತಿರುಗುವಲ್ಲಿ ಗಂಗುಬಾಯಿಯ ಚಹಾದ ಟಪರಿ, ಒಂದು ತಗಡಿನ ಅಂಗಡಿ, ಇತ್ತು. ಅಲ್ಲಿಂದ ಗೇಟು ಕಾಣುತ್ತಿರಲಿಲ್ಲ. ಕಾಂಪೌಂಡಿನ ಮೇಲೆ ವಿಮಾನದ ಬಾಲದ ತುದಿ ಮಾತ್ರ ಕಾಣುತ್ತಿತ್ತು. ಅವನಿಗೆ ಅಷ್ಟು ಸಾಕಾಯಿತು. ಉಳಿದ ನಾಲ್ಕು ದಿನದ ಟೈಮು ಬಾಲ ನೋಡಿಯೇ ಬರೆದ. ಎಂಟು ದಿನದ ಸರಾಸರಿ: ನಲವತ್ತೆರಡು ಮಿನಿಟು ಲೇಟು.

ಶನಿವಾರ ಬಂತು. ನೀಲಾಬಾಯಿ ತಂಬಿಟ್ಟು, ಶೇಂಗಾ ಉಂಡಿ ಕಟ್ಟಿ, ಜೋಳದ ಅರಳು ಹುರಿದು, ದ್ವಾರಕಾ ಹುಡುಗಿಯಾಗಿದ್ದಾಗ ಮಲಗುತ್ತಿದ್ದ ಖೋಲಿಯನ್ನು ಎರಡು ಸಲ ಸಾರಿಸಿದ್ದಳು. ಪರಾಗ ತನ್ನ ಕಾರಿನಲ್ಲಿ ಕರೆದೊಯ್ಯುವುದೆಂದು ಠರಾವಾಗಿತ್ತು. ಭಕ್ತಿ ಫೋನು ಮಾಡಿದರೆ ಎತ್ತಲು ಯಾರಾದರೂ ಬೇಕಲ್ಲ ಎಂದು ಶಾಂತಲಿಂಗಪ್ಪ ಫೋನನ್ನು ಮನೆಯಲ್ಲೇ ಬಿಟ್ಟ. ದಾರಿಯುದ್ದಕ್ಕೂ ಹೇಳಿದ: ಒಂಬತ್ತು ಹತ್ತಕ್ಕೆ ನಲವತ್ತೆರಡು ಸೇರಿಸು, ಒಂಬತ್ತು ಐವತ್ತೆರಡು. ಪೆಟ್ಟಿಗೆ ಹೊರಗೆ ಬರಲು ಅರ್ಧ ತಾಸು, ಹತ್ತು ಇಪ್ಪತ್ತೆರಡು.

“ಆ ಅರ್ಧ ತಾಸು ಮುಂಬೈದು ಕಾಕಾ” ಎಂದ ಪರಾಗ. “ಇಲ್ಲಿ ಲಗ್ನದ ಹಾಲ್‌ನಷ್ಟ ಅದ ವಿಮಾನ ನಿಲ್ದಾಣ. ಐದ ಮಿನಿಟಿನ್ಯಾಗ ಹೊರಗ ಬರ್ತಾರ.”

“ಪೆಟ್ಟಿಗೀಗೆ ಸೊಲ್ಲಾಪುರ ಮುಂಬೈ ಅಂತ ಗೊತ್ತಿರ್ತದೇನೋ?”

ಒಂಬತ್ತೂ ಹದಿನೈದಕ್ಕೆ ಪರಾಗ ಅವನನ್ನು ಟಪರಿಯ ಮುಂದೆ ಇಳಿಸಿ, ಅಂಗಡಿಯ ಸಾಮಾನು ತರಲು ಪೇಟೆಗೆ ಹೋದ. ಹತ್ತೂವರೆಗೆ ಬರುತ್ತೇನೆ ಎಂದ. ಒಂದು ತಾಸಿಗೂ ಹೆಚ್ಚು ಮೊದಲೇ ಬಂದೆನೆಂದು ಶಾಂತಲಿಂಗಪ್ಪ ತನ್ನ ಬೆನ್ನು ತಾನೇ ತಟ್ಟಿಕೊಂಡು ಬೆಂಚಿನ ಮೇಲೆ ಕುಳಿತ. ಹತ್ತಕ್ಕೆ ಗೇಟಿಗೆ ಹೋದರಾಯಿತು. ಸುಮ್ಮನೆ ಈಗಲೇ ಹೋಗಿ ಹವಾಲದಾರನ ನೌಕರಿಗೆ ಯಾಕೆ ಸಂಚಕಾರ?

ಗಂಗುಬಾಯಿ ಕಾಂಪೌಂಡಿನ ಕಡೆ ಕೈ ತೋರಿಸಿದಳು. “ಕಾಕಾ, ಬಾಲ ಕಾಣಾಕತ್ತದಲ್ರಿ.”

ಬಾಲ ಕಾಣುತ್ತಿತ್ತು. ಶಾಂತಲಿಂಗಪ್ಪ ಅದನ್ನು ಕ್ಷಣ ಹೊತ್ತು ದಿಟ್ಟಿಸಿ ನೋಡಿದ. ಚಪಳಗಾಂವಕ್ಕೆ ಸಂಜೆ ಹೋದ ಬಸ್ಸು ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ತಿರುಗಿ ಬರುತ್ತದೆ. ಅದಕ್ಕೆ ಮುಕ್ಕಾಂ ಗಾಡಿ ಎನ್ನುತ್ತಾರೆ. ಮೂವತ್ತೊಂದು ವರ್ಷದ ಅನುಭವ ತಡಮಾಡದೆ ತೀರ್ಪು ಕೊಟ್ಟಿತು.

“ಅದು ನಿನ್ನೀದು. ಮಳೀಗೆ ಮುಕ್ಕಾಂ ಮಾಡ್ಯದ.”

“ನಿನ್ನಿ ಸಂಜಿಮುಂದ ನಾ ಟಪರಿ ಮುಚ್ಚೂ ತನಕ ಇದ್ದಿದ್ದಿಲ್ಲಲ್ರಿ?”

“ಗಂಗುಬಾಯಿ, ನೀ ಚಹಾ ಕಾಸು. ಗಾಡಿ ನನಗ ಬಿಡು.”

ಎರಡು ಕಪ್ಪು ಚಹಾ ಆಯಿತು. ತಂಗಿಗೆ ಮೊದಲು ಏನು ಹೇಳಬೇಕೆಂದು ಯೋಚಿಸಿದ. ‘ಬಾ’ ಅನ್ನಬೇಕೋ, ‘ಬಂದಿ?’ ಅನ್ನಬೇಕೋ. ‘ಬಾ’ ಎಂದರೆ ಕರೆಯಲು ಬಂದವನ ಮಾತು, ‘ಬಂದಿ?’ ಎಂದರೆ ಮನೆಯಲ್ಲಿ ಕುಳಿತವನ ಮಾತು. ‘ಬಾ’ ಎಂದೇ ಠರಾಯಿಸಿದ. ಅಷ್ಟರಲ್ಲಿ ಕಾಂಪೌಂಡಿನ ಆಚೆ ಸದ್ದೆದ್ದು, ಬಾಲ ಸರಿದು, ವಿಮಾನ ಮುಗಿಲಿಗೇರಿತು.

“ನೋಡು” ಎಂದ ಶಾಂತಲಿಂಗಪ್ಪ ಎದ್ದು ನಿಂತು. “ಸ್ಟ್ಯಾಂಡ್ ಖಾಲಿ ಆತು. ಇನ್ನ ನಮ್ಮ ಗಾಡಿ ಒಳಗ ಬರ್ತದ.”

ಅವನು ಕತ್ತೆತ್ತಿ ಮುಗಿಲು ನೋಡುತ್ತಿರುವಾಗ ಗೇಟಿನ ಕಡೆಯಿಂದ ಒಂದು ಆಟೋ ಬಂದು ರಸ್ತೆಯ ತಗ್ಗಿನ ನೀರು ಹಾರಿಸಿಕೊಂಡು ಹೋಯಿತು. ಹೊಸ ಧೋತರಕ್ಕೆ ಕೆಸರು ಸಿಡಿಯಿತು. “ಕಣ್ಣಿಲ್ಲೇನೋ ನಿನಗ?” ಎಂದು ಬೈದು, ಮತ್ತೆ ಮುಗಿಲಿಗೆ ಕಣ್ಣು ಹಚ್ಚಿದ.

ಹತ್ತಕ್ಕೆ ಗೇಟಿಗೆ ಹೋಗಬೇಕೆಂದವನು ಹೋಗಲಿಲ್ಲ. ವಿಮಾನ ಇಳಿದದ್ದನ್ನು ಕಾಣದೆ ಹೋಗಿ ಏನು ಮಾಡುವುದು? ಹತ್ತೂವರೆಗೆ ಪರಾಗನ ಕಾರು ಬಂತು. ನಿಲ್ಲುವ ಮೊದಲೇ ಪರಾಗ ಕಿಡಕಿಯಿಂದ ಕೂಗಿದ:

“ಕಾಕಾ! ಎಲ್ಲಿದ್ರಿ? ಮಾರ್ಕೆಟಿನ್ಯಾಗ ನಂಗ ರೇಂಜ್ ಇದ್ದಿದ್ದಿಲ್ಲ, ಈಗ ನೀಲಾಕಾಕೂಂದು ಫೋನ್ ಬಂತು, ಭಕ್ತಿ ಹೇಳ್ಯಾಳಂತ! ವಿಮಾನ ಎಂಟು ಐವತ್ತೆರಡಕ್ಕ ಇಳದದ!”

“ಇಳದಿಲ್ಲೋ. ನಾ ಇಲ್ಲೇ ಕುಂತೀನಿ.”

“ಹದಿನೆಂಟ ಮಿನಿಟ ಮೊದಲ ಬಂದದ ಕಾಕಾ!”

ಮೊದಲು. ಈ ಶಬ್ದಕ್ಕೆ ರಜಿಸ್ಟರಿನಲ್ಲಿ ಅಂಕಣವೇ ಇರಲಿಲ್ಲ.

ಗೇಟಿನಲ್ಲಿ ಹವಾಲದಾರ ಖಾಲಿ ಕುರ್ಚಿಯ ಪಕ್ಕ ನಿಂತಿದ್ದ. ಇವನನ್ನು ಕಂಡು ಸಿಟ್ಟು ಮಾಡಬೇಕೋ ಅಳಬೇಕೋ ತಿಳಿಯದವನಂತೆ ಎರಡನ್ನೂ ಕೂಡಿಸಿ ಮಾತಾಡಿದ. “ಏನ್ ಕಾಕಾ ನೀವು! ಬ್ಯಾಡಂದ ದಿನಾ ಎಲ್ಲಾ ಬಂದು ನಿಂತ್ರಿ, ಬಾ ಅಂದ ದಿನ ಬರಲಿಲ್ಲ! ನೀಲಿ ಸೂಟಕೇಸ್, ಬೆಳ್ಳಗ ಕೂದಲಾ, ನಿಮ್ಮಂಗ ಮೂಗು. ನೋಡಿದ ಕೂಡ್ಲೆ ಗುರತ ಹಿಡದೆ. ಕುರ್ಚಿ ಹಾಕಿದೆ. ಕುಂದರಲಿಲ್ಲ. ‘ಕುಂತ್ರ ಅಣ್ಣಗ ಕಾಣೂದಿಲ್ಲ’ ಅಂದ್ರು. ಮುಕ್ಕಾಲ ತಾಸು ಬಾಗಿಲದಾಗ ನಿಂತ್ರು. ಆಮ್ಯಾಲ ನನಗ ಕೈ ಮುಗದು, ಆಟೋ ಹತ್ತಿ ಸ್ಟೇಷನ್‌ಗೆ ಹೋದ್ರು.”

ಶಾಂತಲಿಂಗಪ್ಪ ಬಗ್ಗಿ ತನ್ನ ಧೋತರದ ಕೆಸರು ನೋಡಿಕೊಂಡ.

ಸೊಲ್ಲಾಪುರ ಸ್ಟೇಷನ್ನಿನ ಪ್ಲ್ಯಾಟ್‌ಫಾರ್ಮಿನಲ್ಲಿ ನೀಲಿ ಸೂಟಕೇಸು ದೂರದಿಂದಲೇ ಕಂಡಿತು. ಅದರ ಮೇಲೆ ಕೈಯಿಟ್ಟುಕೊಂಡು ದ್ವಾರಕಾ ಕುಳಿತಿದ್ದಳು. ಶಾಂತಲಿಂಗಪ್ಪ ಎದುರಿಗೆ ನಿಂತ. ಠರಾಯಿಸಿಟ್ಟದ್ದು ‘ಬಾ’. ಬಾಯಿಂದ ಬಂದದ್ದು: “ಮೊದಲ ಬಂತು ಅದು.”

ದ್ವಾರಕಾ ತಲೆಯೆತ್ತಲಿಲ್ಲ. “ಕಂಡಕ್ಟರನ್ನರ ಕಳಸಬೇಕಿತ್ತಣ್ಣ. ಅಂವಾ ಟೈಮಿಗೆ ಬಂದಿದ್ದ.”

ತಪ್ಪಾಯಿತು ಎನ್ನುವುದು ಅವನ ಬಾಯಿಗೆ ರೂಢಿಯಿಲ್ಲದ ಶಬ್ದ. ಮೈಕಿನಲ್ಲಿ ಕೂಗುವುದಾಗಿದ್ದರೆ ಕೂಗುತ್ತಿದ್ದ. ಕಂಕುಳಿನ ರಜಿಸ್ಟರು ತೆಗೆದು ಅವಳ ತೊಡೆಯ ಮೇಲಿಟ್ಟ. ಅವಳು ಬೇಡವೆಂದು ಸರಿಸಲು ಹೋಗಿ, ಅಣ್ಣನ ಅಕ್ಷರ ಕಂಡು ತೆರೆದಳು. ಒಂದೊಂದೇ ಗೆರೆಯ ಮೇಲೆ ಬೆರಳು ಸರಿಸಿದಳು. ಷರಾ: ಭಾರಿ ಮಳೆ. ಷರಾ: ಒಬ್ಬಳು ಹೆಣ್ಣುಮಗಳು ಇಳಿದಳು, ದ್ವಾರಕಾಳಂತೆ ಕಂಡಳು, ಅಲ್ಲ. ಷರಾ: ಪೊಲೀಸರು ವಿಚಾರಿಸಿದರು.

“ಎಂಟ ದಿನ ಬಂದಿದ್ದೇನು?”

“ಹೂಂ.”

“ಇವತ್ತ?”

“ಇವತ್ತೂ ಬಂದಿದ್ದೆ. ಚಹಾದ ಟಪರ್‍ಯಾಗ ಇದ್ದೆ. ನಿನ್ನ ಆಟೋ ಡ್ರೈವರಗ ಬೈದೆ.”

ದ್ವಾರಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಪಕ್ಕದಲ್ಲಿ ನಿಂತ ಪರಾಗನಿಗೆ ತಿಳಿಯಲಿಲ್ಲ. “ನಾನೂ ಬಾಜೂಕ ನೋಡಿದ್ದೆ ಅಣ್ಣಾ. ಯಾರೋ ಮುದುಕ ಮುಗಲಿಗೆ ಬೈಯಾಕತ್ಯಾನ ಅಂತ ಸುಮ್ಮಾದೆ.”

ಕಲಬುರ್ಗಿ ಕಡೆಯ ಗಾಡಿ ಬಂದು ನಿಂತಿತು. ದ್ವಾರಕಾ ಎದ್ದಳು. “ಟಿಕೇಟ್ ತಗಸೀನಿ. ಕಲಬುರ್ಗ್ಯಾಗ ಮೈದುನಗ ಬರ್ತೀನಂತ ಹೇಳಿಬಿಟ್ಟೀನಿ.”

“ಹತ್ತು” ಎಂದ ಶಾಂತಲಿಂಗಪ್ಪ. ಅವನ ಕಣ್ಣಲ್ಲಿ ಹಳೆಯ ಬೆಳಕು ಬಂದಿತ್ತು. “ಈ ಗಾಡಿ ಅಕ್ಕಲಕೋಟ ರೋಡ್ ಸ್ಟೇಷನ್ಯಾಗ ಎರಡ ಮಿನಿಟ ನಿಲ್ತದ. ನಿನ್ನ ಜೋಡಿ ನಾ ಬರ್ತೀನಿ. ಕೈ ಹಿಡದು ಇಳಸ್ತೀನಿ. ಅದಕ್ಕ ಕರಿಯಾಕ ಬಂದಂಗ ಅನ್ನು. ದ್ವಾರಕಾ, ಬಾ.”

ಅವಳು ಸೂಟಕೇಸು ಅವನ ಕೈಗೆ ಕೊಟ್ಟಳು.

ಪರಾಗ ನೀಲಾಬಾಯಿಗೆ ಫೋನು ಹಚ್ಚಿದ: ಆರತಿ ತಗೊಂಡು ಅಕ್ಕಲಕೋಟ ರೋಡ್ ಸ್ಟೇಷನ್‌ಗೆ ಬರ್ರಿ ಕಾಕೂ, ಆಟೋ ಮಾಡ್ಕೊಂಡು, ಓಡ್ರಿ. ಜೀವಮಾನದಲ್ಲಿ ಟಿಕೇಟಿಲ್ಲದವರನ್ನು ಬಸ್ಸಿನ ಮೆಟ್ಟಿಲು ಹತ್ತಗೊಡದಿದ್ದ ಶಾಂತಲಿಂಗಪ್ಪ ಟಿಕೇಟಿಲ್ಲದೆ ರೈಲು ಹತ್ತಿದ. ಗಾಡಿ ಹೊರಟಿತು. ಪರಾಗ ಫೋನು ನೋಡುತ್ತ, ಏನನ್ನೋ ಕೂಗುತ್ತ, ಕೈಯಾಡಿಸುತ್ತ ಗಾಡಿಯ ಜೊತೆ ಓಡಿ ಬಂದ. ಭಾಳ ಪ್ರೀತಿಯ ಹುಡುಗ ಎಂದು ಶಾಂತಲಿಂಗಪ್ಪ ಅವನಿಗೆ ಕೈ ಬೀಸಿದ.

ಅರ್ಧ ತಾಸು ಇಬ್ಬರೂ ಮಾತಾಡಿದರು. ಅವ್ವ ಕೊನೆಗೆ ಏನಾದರೂ ಅಂದಳೇ ಎಂದು ದ್ವಾರಕಾ ಕೇಳಿದಳು. “‘ದ್ವಾರಕಾ ಉಂಡಳೇನು’ ಅಂದ್ಲು” ಎಂದ ಅಣ್ಣ. ಆಮೇಲೆ ಹಿತ್ತಲಿನ ಬೇವಿನ ಗಿಡ ಇದೆಯೇ, ಅದಕ್ಕೆ ಜೋಕಾಲಿ ಕಟ್ಟುತ್ತಾರೆಯೇ ಎಂದು ಕೇಳಿದಳು. ಕಟ್ಟಿದ್ದೇನೆ ಎಂದ. “ಈ ಎದಿ ಇಟಗೊಂಡು ಜೋಕಾಲಿ ಆಡ್ಲೇನು?” ಎಂದಳು. “ಸಾವಕಾಶ ತೂಗ್ತೀನಿ” ಎಂದ.

ಶಾಂತಲಿಂಗಪ್ಪ ಐದು ಮಿನಿಟು ಮೊದಲೇ ಸೂಟಕೇಸು ಹಿಡಿದು, ತಂಗಿಯನ್ನು ಎಬ್ಬಿಸಿಕೊಂಡು ಬಾಗಿಲಿಗೆ ಬಂದ. ಬಾಗಿಲಲ್ಲಿ ಕುಳಿತಿದ್ದ ಒಬ್ಬ ಕೇಳಿದ: “ಎಲ್ಲಿ ಇಳಿಯವ್ರು ಅಜ್ಜಾರ?”

“ಅಕ್ಕಲಕೋಟ ರೋಡ್.”

“ಇದು ಅಲ್ಲಿ ನಿಲ್ಲೂದಿಲ್ಲಲ್ರಿ. ನಿಲ್ಲೂದು ಬಿಟ್ಟು ನಾಕೈದ ವರ್ಷಾತು.”

ಗಾಡಿ ಸೀಟಿ ಹೊಡೆಯಿತು. ಬೋರ್ಡು ಬಂತು, ಕಲ್ಲಿನ ಪ್ಲ್ಯಾಟ್‌ಫಾರ್ಮು ಬಂತು, ಅದರ ತುದಿಯಲ್ಲಿ ಹಸಿರು ಸೀರೆಯ ನೀಲಾಬಾಯಿ ಆರತಿಯ ತಟ್ಟೆ ಹಿಡಿದು, ಪಕ್ಕದಲ್ಲಿ ಲೀಲಾಬಾಯಿ ಉಂಡಿಯ ಡಬ್ಬಿ ಹಿಡಿದು ನಿಂತಿದ್ದರು. ಗಾಳಿಗೆ ದೀಪ ಆರಿ, ಕುಂಕುಮ ಹಾರಿ ನೀಲಾಬಾಯಿಯ ಮುಖದ ಮೇಲೆ ಬಿತ್ತು.

“ವೈನೀ!” ದ್ವಾರಕಾ ಕೂಗಿದಳು. “ವೈನೀ, ಬಂದೀನಿ!”

ನೀಲಾಬಾಯಿ ತಟ್ಟೆ ಎತ್ತಿ ಓಡಿದಳು. ಪ್ಲ್ಯಾಟ್‌ಫಾರ್ಮು ಮುಗಿಯಿತು. ತೊಗರಿಯ ಹೊಲಗಳು ಶುರುವಾದವು.

ದ್ವಾರಕಾ ತವರು ಕಂಡದ್ದು ಅಷ್ಟೇ. ಮರುದಿನ ಕಲಬುರ್ಗಿಯಲ್ಲಿ ಅವಳಿಗೆ ಉಬ್ಬಸ ಹೆಚ್ಚಾಗಿ, ಭಕ್ತಿ ಬಂದು ಅಲ್ಲಿಂದಲೇ ಗೋವಾಕ್ಕೆ ಕರೆದೊಯ್ದಳು. ಆಪರೇಷನ್ನಿನ ಮೇಜಿನಿಂದ ಅವಳು ಏಳಲಿಲ್ಲ. ಆದರೆ ಅದು ಮುಂದಿನ ಮಾತು. ಆ ಶನಿವಾರ, ಆ ಬಾಗಿಲಲ್ಲಿ, ಅವಳು ಅಣ್ಣನ ತೋಳು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

“ಮುಂದಿಂದು ಯಾವ್ದಣ್ಣ?”

“ದುಧನಿ.”

“ಅಲ್ಲಿ ನಿಲ್ತದೇನು?”

ಸುತ್ತಲಿನ ನಾಲ್ಕು ತಾಲ್ಲೂಕಿಗೆ ಟೈಮು ಹೇಳಿದ ಕಂಟ್ರೋಲರ್ ಸಾಹೇಬ ತಂಗಿಯ ಸೂಟಕೇಸು ಎದೆಗವಚಿಕೊಂಡು ಹೊರಗಿನ ಹೊಲ ನೋಡಿದ.

“ನನಗ ಗೊತ್ತಿಲ್ಲವ್ವ” ಎಂದ.